‘ನಮ್ಮನ್ನು ನಿಯಂತ್ರಿಸಿ’ ಎನ್ನುವವರ ಲೆಕ್ಕಾಚಾರ

ಉದ್ಯಮಿಗಳು ಸರ್ಕಾರದ ಮುಂದೆ ಹೋದರೆ ಸಾಮಾನ್ಯವಾಗಿ ಕೇಳುವುದು ರಿಯಾಯಿತಿಯನ್ನು. ಕಾನೂನಿನ ಹಿಡಿತ ಸ್ವಲ್ಪ ಸಡಿಲವಾಗಲಿ ಎಂಬುದು ಅವರ ಎಂದಿನ ಬೇಡಿಕೆ. 2023ರ ಮೇ 16ರಂದು ಅಮೆರಿಕದ ಸೆನೆಟ್‌ನ ಒಂದು ಉಪಸಮಿತಿಯ ಮುಂದೆ ನಡೆದದ್ದು ಇದಕ್ಕೆ ವಿರುದ್ಧವಾದ ಸಂಗತಿ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಕಂಪನಿಯ ಮುಖ್ಯಸ್ಥ ಸ್ಯಾಮ್ ಆಲ್ಟ್‌ಮನ್ ಅಲ್ಲಿ ಸಾಕ್ಷ್ಯ ನುಡಿಯುತ್ತ, ಕೃತಕ ಬುದ್ಧಿಮತ್ತೆಗೆ ಹೊಸದೊಂದು ಸರ್ಕಾರಿ ನಿಯಂತ್ರಣ ಸಂಸ್ಥೆ ಬೇಕು ಎಂದರು. ಒಂದು ಮಿತಿಯನ್ನು ಮೀರಿದ ಸಾಮರ್ಥ್ಯವುಳ್ಳ ಮಾದರಿಗಳಿಗೆ ಆ ಸಂಸ್ಥೆ ಪರವಾನಗಿ ನೀಡಬೇಕು, ನಿಯಮ ಮೀರಿದವರಿಂದ ಪರವಾನಗಿಯನ್ನು ವಾಪಸು ಪಡೆಯಬೇಕು, ಸುರಕ್ಷತಾ ಮಾನಕಗಳನ್ನು ನಿಗದಿಪಡಿಸಬೇಕು, ಹೊರಗಿನ ತಜ್ಞರಿಂದ ಪರಿಶೀಲನೆ ನಡೆಯಬೇಕು ಎಂಬುದು ಅವರ ಸಲಹೆಯಾಗಿತ್ತು.

ಈ ಸಲಹೆಗೆ ಬಂದ ಪ್ರತಿಕ್ರಿಯೆಗಳು ಎರಡು ಬಗೆಯವು. ‘ಎಂಥ ಜವಾಬ್ದಾರಿಯುತ ಉದ್ಯಮ!’ ಎಂದು ಕೆಲವರು ಮೆಚ್ಚಿಕೊಂಡರು. ‘ತಾವು ಮೇಲೆ ಹತ್ತಿದ ಮೇಲೆ ಉಳಿದವರು ಹತ್ತದಂತೆ ಏಣಿಯನ್ನು ಒದೆಯುತ್ತಿದ್ದಾರೆ’ ಎಂದು ಇನ್ನು ಕೆಲವರು ಜರೆದರು. ಗೂಗಲ್‌ನಲ್ಲಿ ಹಿಂದೆ ಕೆಲಸ ಮಾಡಿದ್ದ ಆಂಡ್ರ್ಯೂ ಎನ್‌ಜಿ ಅವರು ಅದೇ ವರ್ಷದ ಅಕ್ಟೋಬರ್‌ನಲ್ಲಿ, ಮುಕ್ತ ತಂತ್ರಾಂಶಗಳೊಡನೆ ಪೈಪೋಟಿ ನಡೆಸಲು ಇಷ್ಟವಿಲ್ಲದ ದೊಡ್ಡ ಕಂಪನಿಗಳು ಮಾನವಕುಲದ ಅಳಿವಿನ ಭಯವನ್ನು ಹಬ್ಬಿಸುತ್ತಿವೆ ಎಂದು ಆರೋಪಿಸಿದರು. ಮೆಟಾ ಕಂಪನಿಯ ಯಾನ್ ಲೆಕುನ್ ಅವರ ಅಭಿಪ್ರಾಯವೂ ಇದೇ ಆಗಿತ್ತು.

ಓದುಗರೇ, ಇವೆರಡರಲ್ಲಿ ಯಾವುದನ್ನು ನಂಬಬೇಕು? ಎರಡನ್ನೂ ಹಾಗೆಯೇ ಒಪ್ಪಿಕೊಳ್ಳುವುದು ವೈಜ್ಞಾನಿಕ ಮನೋಭಾವವಲ್ಲ ಎಂಬುದು ಈ ಲೇಖನದ ವಾದ. ಹೇಳುವವನಿಗೆ ಲಾಭವಿದೆ ಎಂದ ಮಾತ್ರಕ್ಕೆ ಹೇಳಿದ್ದು ಸುಳ್ಳಾಗುವುದಿಲ್ಲ. ಹಾಗೆಯೇ ಹೇಳಿದ್ದರಲ್ಲಿ ನಿಜವಿದೆ ಎಂದ ಮಾತ್ರಕ್ಕೆ, ಹೇಳುವವನೇ ಬರೆದುಕೊಟ್ಟ ನಿಯಮವನ್ನು ಒಪ್ಪಬೇಕಾಗಿಯೂ ಇಲ್ಲ. ಉದ್ದೇಶವನ್ನು ಅಳೆಯುವ ಉಪಕರಣ ನಮ್ಮಲ್ಲಿಲ್ಲ. ನಿಯಮವನ್ನು ಅಳೆಯಲು ಮಾತ್ರ ಕೆಲವು ಒರೆಗಲ್ಲುಗಳಿವೆ. ಅವು ಯಾವುವು ಎಂದು ತಿಳಿಯಲು ಎರಡು ಹಳೆಯ ಪ್ರಕರಣಗಳನ್ನು ನೋಡೋಣ.

ದೂರವಾಣಿಯ ಮೇಲಿನ ಬಟ್ಟಲು

ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ. ಇದರ ಅಧ್ಯಕ್ಷರಾಗಿ 1907ರಲ್ಲಿ ಮತ್ತೆ ಅಧಿಕಾರ ವಹಿಸಿಕೊಂಡ ಥಿಯೊಡರ್ ವೇಲ್ ಅಂದಿನ ಉದ್ಯಮಿಗಳಿಗಿಂತ ಬೇರೆಯೇ ದಾರಿ ಹಿಡಿದರು. ಸರ್ಕಾರದ ನಿಯಂತ್ರಣವನ್ನು ಅವರು ವಿರೋಧಿಸಲಿಲ್ಲ, ಸ್ವಾಗತಿಸಿದರು. ದೇಶಕ್ಕೆಲ್ಲ ಒಂದೇ ದೂರವಾಣಿ ವ್ಯವಸ್ಥೆ ಸಾಕು, ಅದರ ಮೇಲೆ ಸರ್ಕಾರ ಕಣ್ಣಿಡಲಿ ಎಂಬುದು ಅವರ ನೀತಿ. ಆ ಒಂದು ವ್ಯವಸ್ಥೆ ಯಾರದೆಂದು ಹೇಳಬೇಕಿಲ್ಲ. ಈ ಕಂಪನಿಯ ಏಕಸ್ವಾಮ್ಯ ಮುರಿದದ್ದು 1984ರಲ್ಲಿ.

ಆ ನಡುವಿನ ಅವಧಿಯ ಒಂದು ಘಟನೆ ಗಮನಾರ್ಹವಾದುದು. ಹಷ್-ಎ-ಫೋನ್ ಎಂಬ ಸಾಧನವೊಂದಿತ್ತು. ಮಾತು ಅಕ್ಕಪಕ್ಕದವರಿಗೆ ಕೇಳಿಸದಿರಲೆಂದು ದೂರವಾಣಿಯ ಬಾಯಿಗೆ ಸಿಕ್ಕಿಸುವ ಬಟ್ಟಲಿನಂಥ ಸರಳ ವಸ್ತು ಅದು. ಅದಕ್ಕೆ ತಂತಿಯಿಲ್ಲ, ವಿದ್ಯುತ್ತಿನ ಸಂಪರ್ಕವಿಲ್ಲ. ಆದರೂ ಹೊರಗಿನವರ ಸಾಧನವನ್ನು ತನ್ನ ಉಪಕರಣಕ್ಕೆ ಜೋಡಿಸಿದರೆ ದೂರವಾಣಿ ಸೇವೆಗೆ ಧಕ್ಕೆ ಬರುತ್ತದೆಂದು ಕಂಪನಿ ತಕರಾರು ಎತ್ತಿತು. ನಿಯಂತ್ರಣ ಆಯೋಗವೂ ಕಂಪನಿಯ ಪರವಾಗಿಯೇ ತೀರ್ಪಿತ್ತಿತು! 1956ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಬೇಕಾಯಿತು. ಸುರಕ್ಷತೆಯ ಹೆಸರಿನ ನಿಯಮವೊಂದು ಒಂದು ಬಟ್ಟಲಿಗೂ ಹೆದರುವ ಮಟ್ಟಕ್ಕೆ ಇಳಿದಿತ್ತು.

ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1971ರ ತಮ್ಮ ಪ್ರಸಿದ್ಧ ಪ್ರಬಂಧದಲ್ಲಿ ಇಂಥ ಬೆಳವಣಿಗೆಯನ್ನು ವಿವರಿಸಿದರು. ನಿಯಂತ್ರಣವೆಂಬುದು ಬಹಳಷ್ಟು ಸಲ ಉದ್ಯಮವೇ ಬಯಸಿ ಪಡೆಯುವ ವಸ್ತು, ಅದರ ರೂಪುರೇಷೆ ಕೂಡ ಉದ್ಯಮದ ಅನುಕೂಲಕ್ಕೆ ತಕ್ಕಂತೆ ಇರುತ್ತದೆ ಎಂಬುದು ಅವರ ಸಿದ್ಧಾಂತ. 1982ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ದೊರೆಯಿತು. ಬೇಲಿಯೇ ಎದ್ದು ಹೊಲ ಮೇಯುವ ಬಗೆಯನ್ನು ನಮ್ಮ ಹಿರಿಯರು ಒಂದು ಗಾದೆಯಲ್ಲಿ ಹೇಳಿ ಮುಗಿಸಿದ್ದರು.

ಓಝೋನಿನ ಪಾಠ

ಎರಡನೆಯ ಪ್ರಕರಣ ಈ ಪತ್ರಿಕೆಯ ಓದುಗರಿಗೆ ಹೆಚ್ಚು ಪರಿಚಿತ. ಶೀತಕ ಯಂತ್ರಗಳಲ್ಲಿ ಬಳಕೆಯಲ್ಲಿದ್ದ ಕ್ಲೋರೋಫ್ಲೂರೋಕಾರ್ಬನ್‌ಗಳು ಓಝೋನ್ ಪದರವನ್ನು ನಾಶಮಾಡಬಲ್ಲವು ಎಂದು ಮೊಲಿನಾ ಮತ್ತು ರೋಲೆಂಡ್ 1974ರಲ್ಲಿ ತೋರಿಸಿದರು. ಈ ರಾಸಾಯನಿಕದ ಅತಿ ದೊಡ್ಡ ತಯಾರಕ ಡ್ಯುಪಾಂಟ್ ಕಂಪನಿ ಹಲವು ವರ್ಷ ಇದನ್ನು ಅಲ್ಲಗಳೆಯಿತು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಓಝೋನ್ ರಂಧ್ರ ಇರುವುದನ್ನು ಬ್ರಿಟಿಷ್ ವಿಜ್ಞಾನಿಗಳು ವರದಿ ಮಾಡಿದರು. 1986ರಲ್ಲಿ ಡ್ಯುಪಾಂಟ್ ತನ್ನ ನಿಲುವನ್ನು ಬದಲಿಸಿ ಅಂತರರಾಷ್ಟ್ರೀಯ ನಿಯಂತ್ರಣವನ್ನು ಬೆಂಬಲಿಸಿತು. 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ರೂಪುಗೊಂಡಿತು.

ಡ್ಯುಪಾಂಟ್‌ಗೆ ಇದರಲ್ಲಿ ಸ್ವಾರ್ಥವಿರಲಿಲ್ಲವೇ? ಇತ್ತು. ಬದಲಿ ರಾಸಾಯನಿಕಗಳನ್ನು ತಯಾರಿಸುವ ಶಕ್ತಿ ಆ ಕಂಪನಿಗೆ ಇತರರಿಗಿಂತ ಹೆಚ್ಚಾಗಿತ್ತು. ಹಳೆಯ ಅಗ್ಗದ ಅನಿಲ ನಿಷೇಧವಾದರೆ ಹೊಸ ದುಬಾರಿ ಅನಿಲಕ್ಕೆ ಮಾರುಕಟ್ಟೆ ತಾನಾಗಿ ದೊರೆಯುತ್ತದೆ. ಆದರೂ ಮಾಂಟ್ರಿಯಲ್ ಒಪ್ಪಂದ ತಪ್ಪಾಗಿತ್ತೆಂದು ಇಂದು ಯಾರೂ ಹೇಳಲಾರರು. ಓಝೋನ್ ಪದರ ಈಗ ಚೇತರಿಸಿಕೊಳ್ಳುತ್ತಿದೆ. ಬದಲಿಯಾಗಿ ಬಂದ ಅನಿಲಗಳಲ್ಲಿ ಕೆಲವು ಭೂಮಿಯ ತಾಪವನ್ನು ಹೆಚ್ಚಿಸುವಂಥವು ಎಂಬುದು ನಿಜ. ಅದನ್ನು ಸರಿಪಡಿಸಲು 2016ರಲ್ಲಿ ಕಿಗಾಲಿ ತಿದ್ದುಪಡಿ ಬೇಕಾಯಿತು.

ಎರಡೂ ಪ್ರಕರಣಗಳಲ್ಲಿ ದೊಡ್ಡ ಕಂಪನಿ ನಿಯಂತ್ರಣವನ್ನು ಬಯಸಿತು, ಎರಡರಲ್ಲೂ ಲಾಭದ ಉದ್ದೇಶವಿತ್ತು. ಹಾಗಾದರೆ ಒಂದು ಜನಹಿತವಾಗಿ, ಇನ್ನೊಂದು ಏಕಸ್ವಾಮ್ಯವಾಗಿ ಪರಿಣಮಿಸಿದ್ದು ಏಕೆ? ವ್ಯತ್ಯಾಸ ಎರಡು ಕಡೆ ಇದೆ. ಮೊದಲನೆಯದು, ಓಝೋನ್ ಅಪಾಯದ ಪುರಾವೆ ಕಂಪನಿಯ ಹೊರಗಿತ್ತು. ಅದನ್ನು ಅಳೆದವರು ಸ್ವತಂತ್ರ ವಿಜ್ಞಾನಿಗಳು. ದೂರವಾಣಿಗೆ ಬಟ್ಟಲಿನಿಂದ ಧಕ್ಕೆಯಾಗುತ್ತದೆ ಎಂದವರು ಬಟ್ಟಲಿನಿಂದ ನಷ್ಟವಾಗಬಹುದಾಗಿದ್ದವರೇ. ಎರಡನೆಯದು, ಮಾಂಟ್ರಿಯಲ್ ಒಪ್ಪಂದ ಡ್ಯುಪಾಂಟ್‌ನ ಸ್ವಂತ ಉತ್ಪನ್ನವನ್ನೇ ನಿಲ್ಲಿಸಿತು. ದೂರವಾಣಿಯ ನಿಯಮ ಕಟ್ಟಿಹಾಕಿದ್ದು ಹೊರಗಿನವರನ್ನು ಮಾತ್ರ.

ಹಾಗಾಗಿ ನಮಗೆ ಎರಡು ಒರೆಗಲ್ಲುಗಳು ಸಿಕ್ಕಂತಾಯಿತು. ಅಪಾಯದ ಪುರಾವೆ ನಿಯಮ ಕೇಳುವವರ ಕೈಯಿಂದ ಹೊರಗಿದೆಯೇ? ನಿಯಮ ಕೇಳುವವರನ್ನೂ ಅದು ಕಟ್ಟಿಹಾಕುತ್ತದೆಯೇ? ಈಗ ಕೃತಕ ಬುದ್ಧಿಮತ್ತೆಗೆ ಬರೋಣ.

ಮೊದಲ ಒರೆಗಲ್ಲು: ಪುರಾವೆ ಯಾರ ಬಳಿ ಇದೆ?

ಅಪಾಯದ ಮಾತು ಕಂಪನಿಗಳ ಸೃಷ್ಟಿ ಮಾತ್ರ ಎನ್ನುವುದು ಸರಿಯಲ್ಲ. ಈ ಕ್ಷೇತ್ರದ ಹಿರಿಯ ವಿಜ್ಞಾನಿ ಜೆಫ್ರಿ ಹಿಂಟನ್ 2023ರ ಮೇ ತಿಂಗಳಲ್ಲಿ ಗೂಗಲ್‌ನ ಕೆಲಸವನ್ನು ಬಿಟ್ಟು ಹೊರಬಂದೇ ಎಚ್ಚರಿಕೆ ನೀಡಿದರು. ಕೆನಡಾದ ಪ್ರಾಧ್ಯಾಪಕ ಯೊಶುವಾ ಬೆಂಜಿಯೊ ಅವರ ಅಧ್ಯಕ್ಷತೆಯಲ್ಲಿ ಹಲವು ದೇಶಗಳ ತಜ್ಞರು ಸಿದ್ಧಪಡಿಸಿದ ಸುರಕ್ಷತಾ ವರದಿ 2025ರ ಜನವರಿಯಲ್ಲಿ ಪ್ರಕಟವಾಯಿತು. ಆದ್ದರಿಂದ ಆಲ್ಟ್‌ಮನ್ ಹೇಳಿದರೆಂಬ ಕಾರಣಕ್ಕೆ ಅಪಾಯವೇ ಇಲ್ಲ ಎಂದು ತೀರ್ಮಾನಿಸುವುದು ತರ್ಕದೋಷ.

ಆದರೆ ಓಝೋನನ್ನು ಅಳೆಯಲು ವಿಜ್ಞಾನಿಗಳಿಗೆ ಡ್ಯುಪಾಂಟ್‌ನ ಅನುಮತಿ ಬೇಕಿರಲಿಲ್ಲ, ಆಕಾಶ ಎಲ್ಲರಿಗೂ ತೆರೆದಿತ್ತು. ಇಲ್ಲಿನ ಸ್ಥಿತಿ ಬೇರೆ. 2023ರ ಮಾರ್ಚ್‌ನಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ ಜಿಪಿಟಿ-4ರ ತಾಂತ್ರಿಕ ವರದಿಯನ್ನೇ ನೋಡಿ. ಮಾದರಿಯ ಗಾತ್ರವೆಷ್ಟು, ಯಾವ ಯಂತ್ರಾಂಶ ಬಳಕೆಯಾಯಿತು, ಎಷ್ಟು ಗಣನೆ ಬೇಕಾಯಿತು, ಯಾವ ದತ್ತಾಂಶದಿಂದ ತರಬೇತಿ ನೀಡಲಾಯಿತು ಎಂಬ ಯಾವ ವಿವರವೂ ಅದರಲ್ಲಿಲ್ಲ. ಪೈಪೋಟಿ ಮತ್ತು ಸುರಕ್ಷತೆ ಎರಡನ್ನೂ ಅದಕ್ಕೆ ಕಾರಣವಾಗಿ ಕೊಡಲಾಗಿದೆ. ಎರಡು ತಿಂಗಳ ನಂತರ ಇದೇ ಕಂಪನಿ ಸೆನೆಟ್ ಮುಂದೆ ಪರವಾನಗಿ ಪದ್ಧತಿಯನ್ನು ಕೇಳಿತು. ಬಾಗಿಲು ಮುಚ್ಚಿಕೊಂಡು ‘ಒಳಗೆ ಅಪಾಯವಿದೆ, ಕಾವಲು ಹಾಕಿ’ ಎಂದಂತೆ ಇದು. ಕಾವಲು ಬೇಕಾದೀತು, ಆದರೆ ಮೊದಲು ಬಾಗಿಲು ತೆರೆಯಬೇಕು.

ಬ್ರಿಟನ್ 2023ರಲ್ಲಿ ಸ್ಥಾಪಿಸಿದ ಸುರಕ್ಷತಾ ಸಂಸ್ಥೆಯಂಥ ಸರ್ಕಾರಿ ಪರೀಕ್ಷಾ ಸಂಸ್ಥೆಗಳು ಈ ದಿಕ್ಕಿನಲ್ಲಿ ಒಂದು ಹೆಜ್ಜೆ. ಆದರೆ ಬಿಡುಗಡೆಗೆ ಮೊದಲೇ ಮಾದರಿಯನ್ನು ಪರೀಕ್ಷಿಸಲು ಅವು ಬಹುಪಾಲು ಕಂಪನಿಗಳ ಸ್ವಇಚ್ಛೆಯನ್ನೇ ಅವಲಂಬಿಸಿವೆ. ಅಂಗಡಿಯ ತಕ್ಕಡಿಗೆ ಮುದ್ರೆ ಒತ್ತುವವರು ತೂಕ ಮತ್ತು ಅಳತೆ ಇಲಾಖೆಯವರು. ತನ್ನ ತಕ್ಕಡಿಯನ್ನು ಪರೀಕ್ಷಿಸಿ ಎಂದು ಅಂಗಡಿಯವನು ತಾನಾಗಿ ಕೇಳಿದರೆ ಸಂತೋಷ. ಯಾವ ದಿನ, ಯಾವ ತಕ್ಕಡಿ, ಎಷ್ಟು ಹೊತ್ತು ಎಂದು ಅವನೇ ನಿರ್ಧರಿಸುವುದಾದರೆ ಆ ಮುದ್ರೆಗೆ ಬೆಲೆಯೆಷ್ಟು?

ಎರಡನೆಯ ಒರೆಗಲ್ಲು: ಹಗ್ಗ ಯಾರ ಕಾಲಿಗೆ?

ನಿಯಂತ್ರಣ ಬೇಕೆನ್ನುವವರು ಅದು ಕಾನೂನಿನ ವಾಕ್ಯವಾಗಿ ಬಂದಾಗ ಏನು ಮಾಡಿದರು? ಇದನ್ನು ದಿನಾಂಕಗಳೊಂದಿಗೆ ಪರಿಶೀಲಿಸಬಹುದು.

ಐರೋಪ್ಯ ಒಕ್ಕೂಟ ಕೃತಕ ಬುದ್ಧಿಮತ್ತೆಯ ಕಾಯಿದೆಯನ್ನು ರೂಪಿಸುತ್ತಿದ್ದಾಗ, 2022ರ ಸೆಪ್ಟೆಂಬರ್‌ನಲ್ಲಿ ಓಪನ್‌ಎಐ ಅಧಿಕಾರಿಗಳಿಗೆ ಒಂದು ಟಿಪ್ಪಣಿ ಸಲ್ಲಿಸಿತ್ತು. ಜಿಪಿಟಿ-3 ತನ್ನಷ್ಟಕ್ಕೆ ಹೆಚ್ಚು ಅಪಾಯದ ವರ್ಗಕ್ಕೆ ಸೇರುವುದಿಲ್ಲ ಎಂಬುದು ಅದರ ವಾದ. ಟೈಮ್ ಪತ್ರಿಕೆ 2023ರ ಜೂನ್‌ನಲ್ಲಿ ಇದನ್ನು ಬಯಲಿಗೆ ತಂದಿತು. ಸೆನೆಟ್ ಸಾಕ್ಷ್ಯ ನುಡಿದ ಎಂಟೇ ದಿನಕ್ಕೆ, 2023ರ ಮೇ 24ರಂದು ಲಂಡನ್ನಿನಲ್ಲಿ ಆಲ್ಟ್‌ಮನ್, ಐರೋಪ್ಯ ಕಾಯಿದೆಯನ್ನು ಪಾಲಿಸಲಾಗದಿದ್ದರೆ ಅಲ್ಲಿಂದ ಹೊರನಡೆಯಬೇಕಾದೀತು ಎಂದರು. ಎರಡು ದಿನಗಳಲ್ಲಿ ಅಂಥ ಯೋಚನೆಯಿಲ್ಲ ಎಂದು ಸ್ಪಷ್ಟಪಡಿಸಿದರು. 2024ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಎಸ್‌ಬಿ 1047 ಎಂಬ ಸುರಕ್ಷತಾ ಮಸೂದೆಯನ್ನು ಓಪನ್‌ಎಐ ವಿರೋಧಿಸಿತು. ಇಂಥ ಕಾನೂನು ರಾಜ್ಯಗಳಿಂದಲ್ಲ, ಕೇಂದ್ರದಿಂದ ಬರಬೇಕು ಎಂಬುದು ಅದು ಕೊಟ್ಟ ಕಾರಣ. ರಾಜ್ಯಪಾಲ ನ್ಯೂಸಮ್ ಸೆಪ್ಟೆಂಬರ್ 29ರಂದು ಮಸೂದೆಯನ್ನು ತಿರಸ್ಕರಿಸಿದರು. ಕೊನೆಗೆ 2025ರ ಮೇ 8ರಂದು ಅದೇ ಸೆನೆಟ್‌ನ ಇನ್ನೊಂದು ಸಮಿತಿಯ ಮುಂದೆ ಕುಳಿತ ಆಲ್ಟ್‌ಮನ್, ಬಿಡುಗಡೆಗೆ ಮುನ್ನ ಸರ್ಕಾರದ ಒಪ್ಪಿಗೆ ಪಡೆಯಬೇಕೆಂಬ ನಿಯಮ ಅಮೆರಿಕದ ಮುನ್ನಡೆಗೆ ವಿನಾಶಕಾರಿಯಾದೀತು ಎಂದರು. ಎರಡು ವರ್ಷದ ಹಿಂದೆ ಕೇಳಿದ್ದ ಪರವಾನಗಿಗೂ ಈ ಒಪ್ಪಿಗೆಗೂ ಇರುವ ಅಂತರವೇನೆಂದು ಓದುಗರೇ ಯೋಚಿಸಬೇಕು.

ಉಳಿದವರ ನಡೆಯೂ ಹೀಗೆಯೇ ತೂಗಿನೋಡಬೇಕಾದುದು. ಜಿಪಿಟಿ-4ಕ್ಕಿಂತ ಶಕ್ತಿಶಾಲಿ ಮಾದರಿಗಳ ತರಬೇತಿಯನ್ನು ಆರು ತಿಂಗಳು ನಿಲ್ಲಿಸಿ ಎಂಬ 2023ರ ಮಾರ್ಚ್‌ನ ಬಹಿರಂಗ ಪತ್ರಕ್ಕೆ ಇಲಾನ್ ಮಸ್ಕ್ ಸಹಿ ಹಾಕಿದ್ದರು. ಅದೇ ತಿಂಗಳಲ್ಲಿ ಅವರ ಹೊಸ ಕೃತಕ ಬುದ್ಧಿಮತ್ತೆ ಕಂಪನಿ ನೋಂದಣಿಯಾಗಿತ್ತು. ಆದರೆ ಇದೇ ಮಸ್ಕ್ ತಮ್ಮ ಕಂಪನಿಗೂ ಅನ್ವಯಿಸಬಹುದಾಗಿದ್ದ ಎಸ್‌ಬಿ 1047ನ್ನು ಬೆಂಬಲಿಸಿದರು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಂಥ್ರೊಪಿಕ್ ಕಂಪನಿ ಆ ಮಸೂದೆಯ ಪ್ರಯೋಜನ ಬಹುಶಃ ಅದರ ಹೊರೆಗಿಂತ ಹೆಚ್ಚು ಎಂದಿತು. 2025ರಲ್ಲಿ ಕ್ಯಾಲಿಫೋರ್ನಿಯಾ ಕಾನೂನಾಗಿಸಿದ ಎಸ್‌ಬಿ 53ನ್ನೂ ಬೆಂಬಲಿಸಿತು. ಅಮೆರಿಕದ ಅಧ್ಯಕ್ಷರ ಸಲಹೆಗಾರ ಡೇವಿಡ್ ಸ್ಯಾಕ್ಸ್ ಆ ಅಕ್ಟೋಬರ್‌ನಲ್ಲಿ, ಭಯ ಹುಟ್ಟಿಸಿ ನಿಯಂತ್ರಣವನ್ನೇ ಕೈವಶ ಮಾಡಿಕೊಳ್ಳುವ ತಂತ್ರ ಇದೆಂದು ಆಂಥ್ರೊಪಿಕ್ ಮೇಲೆ ಆರೋಪಿಸಿದರು. ಆರೋಪ ನಿಜವೋ ಅಲ್ಲವೋ ಎಂಬುದು ಕಂಪನಿಯ ಮನಸ್ಸನ್ನು ಬಗೆದು ನೋಡಿದರೆ ತಿಳಿಯುವುದಿಲ್ಲ. ಆ ಕಾನೂನು ಯಾರಿಗೆ ಎಷ್ಟು ಹೊರೆ ಹೊರಿಸುತ್ತದೆ ಎಂಬುದನ್ನು ಓದಿ ತಿಳಿಯಬೇಕು.

ಗೆರೆ ಎಲ್ಲಿ ಎಳೆಯಬೇಕು?

ಸಣ್ಣವರನ್ನು ಹೊರಗಿಡುವ ಸಂಚು ಎಂಬ ಆರೋಪಕ್ಕೆ ಕಂಪನಿಗಳು ಕೊಡುವ ಉತ್ತರ ಒಂದಿದೆ: ನಿಯಮ ದೈತ್ಯ ಮಾದರಿಗಳಿಗೆ ಮಾತ್ರ, ಸಣ್ಣ ಕಂಪನಿಗಳಿಗೂ ಮುಕ್ತ ತಂತ್ರಾಂಶಗಳಿಗೂ ವಿನಾಯಿತಿ ಇರಲಿ. ಆಲ್ಟ್‌ಮನ್ ಕೂಡ ಇದನ್ನು ಹೇಳಿದ್ದಾರೆ. ಇದನ್ನು ಅಂಕಿಗಳಲ್ಲಿ ಪರೀಕ್ಷಿಸಬಹುದು.

ಮಾದರಿಯ ತರಬೇತಿಗೆ ಬೇಕಾಗುವ ಗಣನೆಯನ್ನು ಅಂದಾಜಿಸಲು ಸರಳ ಸೂತ್ರವಿದೆ. ಮಾದರಿಯ ನಿಯತಾಂಕಗಳ ಸಂಖ್ಯೆಯನ್ನು, ತರಬೇತಿಗೆ ಬಳಸಿದ ಪಠ್ಯದ ತುಣುಕುಗಳ ಅಂದರೆ ಟೋಕನ್‌ಗಳ ಸಂಖ್ಯೆಯಿಂದ ಗುಣಿಸಿ, ಬಂದ ಮೊತ್ತವನ್ನು 6ರಿಂದ ಗುಣಿಸಬೇಕು. ಐರೋಪ್ಯ ಕಾಯಿದೆಯ ಪ್ರಕಾರ ಈ ಮೊತ್ತ 10ರ ಘಾತ 25ನ್ನು, ಅಂದರೆ 1ರ ಮುಂದೆ 25 ಸೊನ್ನೆಗಳಿರುವ ಸಂಖ್ಯೆಯನ್ನು ಮೀರಿದರೆ ಆ ಮಾದರಿ ವ್ಯಾಪಕ ಅಪಾಯವುಳ್ಳದ್ದೆಂದು ಭಾವಿಸಲಾಗುತ್ತದೆ. ಆಗ ಪರೀಕ್ಷೆ, ವರದಿ ಮುಂತಾದ ಹೆಚ್ಚುವರಿ ಹೊಣೆಗಳು ಬರುತ್ತವೆ. ಎಸ್‌ಬಿ 1047ರ ಗೆರೆ ಇದರ ಹತ್ತು ಪಟ್ಟು ಮೇಲಿತ್ತು. ಜೊತೆಗೆ ತರಬೇತಿಯ ವೆಚ್ಚ 10 ಕೋಟಿ ಡಾಲರು ಮೀರಿರಬೇಕು ಎಂಬ ಷರತ್ತೂ ಇತ್ತು.

ಮೆಟಾದ ಲಾಮಾ 3.1 ದೊಡ್ಡ ಮಾದರಿಯಲ್ಲಿ 40,500 ಕೋಟಿ ನಿಯತಾಂಕಗಳಿವೆ. ಬಳಸಿದ ಟೋಕನ್‌ಗಳು ಸುಮಾರು 15.6 ಲಕ್ಷ ಕೋಟಿ. ಗುಣಿಸಿದರೆ ಸುಮಾರು 3.8 ಗುಣಿಸು 10ರ ಘಾತ 25 ಬರುತ್ತದೆ. ಐರೋಪ್ಯ ಗೆರೆಯನ್ನು ಅದು ದಾಟುತ್ತದೆ, ಕ್ಯಾಲಿಫೋರ್ನಿಯಾದ ಗೆರೆಯನ್ನು ದಾಟುವುದಿಲ್ಲ. ಈ ಮಟ್ಟದ ಗಣನೆಗೆ ಹಣ ಹೂಡಬಲ್ಲ ಕಂಪನಿಯನ್ನು ‘ಬಡಪಾಯಿ’ ಎನ್ನಲಾಗದು. ಹಾಗಾಗಿ, ಬರೆದಿರುವಂತೆ ನೋಡಿದರೆ, ಈ ಗೆರೆಗಳು ಗ್ಯಾರೇಜಿನ ಸಂಶೋಧಕನ ಕತ್ತು ಹಿಸುಕುತ್ತವೆ ಎಂಬ ಟೀಕೆ ಉತ್ಪ್ರೇಕ್ಷೆ.

ಆದರೆ ಗೆರೆಗೆ ಇನ್ನೊಂದು ದೋಷವಿದೆ. 2024ರ ಡಿಸೆಂಬರ್‌ನಲ್ಲಿ ಚೀನಾದಿಂದ ಬಂದ ಡೀಪ್‌ಸೀಕ್ ವಿ3 ಮಾದರಿಯಲ್ಲಿ ಪ್ರತಿ ಟೋಕನ್‌ಗೆ ಕೆಲಸ ಮಾಡುವ ನಿಯತಾಂಕಗಳು 3,700 ಕೋಟಿ, ಟೋಕನ್‌ಗಳು 14.8 ಲಕ್ಷ ಕೋಟಿ. ಲೆಕ್ಕ ಹಾಕಿದರೆ ಸುಮಾರು 3.3 ಗುಣಿಸು 10ರ ಘಾತ 24, ಅಂದರೆ ಐರೋಪ್ಯ ಗೆರೆಯ ಮೂರನೇ ಒಂದು ಭಾಗ ಮಾತ್ರ. ಆದರೂ ಅದರ ಸಾಮರ್ಥ್ಯ ದೊಡ್ಡ ಕಂಪನಿಗಳ ಮಾದರಿಗಳ ಹತ್ತಿರಕ್ಕೆ ಬಂದಿತ್ತು. ಗಣನೆಯನ್ನು ಅಳೆದರೆ ಸಾಮರ್ಥ್ಯವನ್ನು ಅಳೆದಂತಾಗಲಿಲ್ಲ ಎಂದಾಯಿತು. ಮುಂದೆ ಗೆರೆಯನ್ನು ಕೆಳಗಿಳಿಸಬೇಕೆಂಬ ಒತ್ತಾಯ ಬರುವುದು ಇಲ್ಲಿಂದಲೇ. ಆಗ ಗೆರೆಯನ್ನು ಎಲ್ಲಿಗೆ ಇಳಿಸಬೇಕೆಂದು ಸಲಹೆ ಕೊಡುವವರು ಯಾರು? ಗೆರೆ ಎಷ್ಟಿದೆ ಎಂಬುದಕ್ಕಿಂತ ಗೆರೆಯನ್ನು ಸರಿಸುವ ಅಧಿಕಾರ ಯಾರ ಕೈಯಲ್ಲಿದೆ ಎಂಬುದನ್ನು ಹೆಚ್ಚು ಎಚ್ಚರದಿಂದ ನೋಡಬೇಕಾಗಿದೆ.

ವಿರೋಧಿಸುವವರೂ ವ್ಯಾಪಾರಿಗಳೇ

ನಿಯಂತ್ರಣ ಕೇಳುವವರ ಸ್ವಾರ್ಥವನ್ನು ಬಯಲು ಮಾಡುವ ಉತ್ಸಾಹದಲ್ಲಿ, ನಿಯಂತ್ರಣ ಬೇಡ ಎನ್ನುವವರನ್ನು ನಾವು ಸಂತರೆಂದು ತಿಳಿಯುವ ಅಪಾಯವಿದೆ. ಮೆಟಾ ಕಂಪನಿ ತನ್ನ ಮಾದರಿಯನ್ನು ಪುಕ್ಕಟೆಯಾಗಿ ಹಂಚಿದರೆ, ಅಂಥದ್ದನ್ನೇ ಮಾರುತ್ತಿರುವ ಎದುರಾಳಿಗಳ ವ್ಯಾಪಾರಕ್ಕೆ ಪೆಟ್ಟು. ಆ ‘ಮುಕ್ತ’ ಲಾಮಾದ ಪರವಾನಗಿಯಲ್ಲೂ, ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿಗಳು ಪ್ರತ್ಯೇಕ ಅನುಮತಿ ಪಡೆಯಬೇಕೆಂಬ ಷರತ್ತಿದೆ. ಆಂಡ್ರೀಸನ್ ಹೊರೊವಿಟ್ಜ್ ಎಂಬ ಹೂಡಿಕೆ ಸಂಸ್ಥೆ ಕೃತಕ ಬುದ್ಧಿಮತ್ತೆಯ ಕಂಪನಿಗಳಲ್ಲಿ ಭಾರಿ ಹಣ ತೊಡಗಿಸಿದೆ. ಬಿಗಿ ನಿಯಮಗಳನ್ನು ವಿರೋಧಿಸುವ ರಾಜಕೀಯ ನಿಧಿಯೊಂದು 2025ರ ಆಗಸ್ಟ್‌ನಲ್ಲಿ 10 ಕೋಟಿ ಡಾಲರುಗಳಿಗೂ ಹೆಚ್ಚಿನ ಬಲದೊಂದಿಗೆ ಆರಂಭವಾಯಿತು. ಅದರ ಬೆಂಬಲಿಗರಲ್ಲಿ ಈ ಹೂಡಿಕೆ ಸಂಸ್ಥೆಯೂ ಇದೆ, ಓಪನ್‌ಎಐನ ಸಹಸಂಸ್ಥಾಪಕ ಗ್ರೆಗ್ ಬ್ರಾಕ್‌ಮನ್ ಅವರೂ ಇದ್ದಾರೆ! ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ, ಏಕೆಂದರೆ ಒಂದೇ ಮನೆಯವರು ಎರಡೂ ಕಡೆಗೆ ಎಳೆಯುತ್ತಿದ್ದಾರೆ.

ನಮಗೇಕೆ ಈ ಚರ್ಚೆ?

ಇದು ದೂರದ ಜಗಳವೆಂದು ಸುಮ್ಮನಿರುವಂತಿಲ್ಲ. 2024ರ ಮಾರ್ಚ್ 1ರಂದು ನಮ್ಮ ಕೇಂದ್ರ ಮಾಹಿತಿ ತಂತ್ರಜ್ಞಾನ ಸಚಿವಾಲಯ ಒಂದು ಸಲಹಾ ಸೂಚನೆ ಹೊರಡಿಸಿ, ಸಾಕಷ್ಟು ಪರೀಕ್ಷೆಗೊಳಗಾಗದ ಮಾದರಿಗಳನ್ನು ಜನಬಳಕೆಗೆ ಬಿಡುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕೆಂದಿತು. ಸಣ್ಣ ಉದ್ಯಮಗಳಿಂದ ತೀವ್ರ ಆಕ್ಷೇಪ ಬಂದಿತು. ನವೋದ್ಯಮಗಳಿಗೆ ಇದು ಅನ್ವಯಿಸುವುದಿಲ್ಲವೆಂದು ಸಚಿವರು ಸ್ಪಷ್ಟೀಕರಣ ನೀಡಿದರು. ಮಾರ್ಚ್ 15ರಂದು ಹೊರಟ ಹೊಸ ಸೂಚನೆಯಲ್ಲಿ ಅನುಮತಿಯ ಷರತ್ತೇ ಇರಲಿಲ್ಲ. ವಕೀಲರ ಪಡೆಯಿರುವ ಕಂಪನಿ ಅನುಮತಿ ಪತ್ರಕ್ಕಾಗಿ ಕಾಯಬಲ್ಲದು. ಐದಾರು ಎಂಜಿನಿಯರುಗಳ ತಂಡ ಕಾಯಲಾರದು.

ಕನ್ನಡದ ದೃಷ್ಟಿಯಿಂದಲೂ ಇದು ಮುಖ್ಯ. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ 2023ರಲ್ಲಿ ಕನ್ನಡವೂ ಸೇರಿದಂತೆ ಸಂವಿಧಾನದ 22 ಭಾಷೆಗಳ ಅನುವಾದ ಮಾದರಿ ಇಂಡಿಕ್‌ಟ್ರಾನ್ಸ್2ನ್ನು ಮುಕ್ತವಾಗಿ ಬಿಡುಗಡೆ ಮಾಡಿತು. ಬೆಂಗಳೂರಿನ ಸರ್ವಂ ಕಂಪನಿಯ 2025ರ ಸರ್ವಂ-ಎಂ ಮಾದರಿ ಫ್ರಾನ್ಸಿನ ಮಿಸ್ಟ್ರಾಲ್ ಕಂಪನಿಯ ಮುಕ್ತ ಮಾದರಿಯ ಮೇಲೆ ಕಟ್ಟಿದ್ದು. ದೊಡ್ಡ ಮಾರುಕಟ್ಟೆಯಿಲ್ಲದ ಭಾಷೆಗಳ ಕೆಲಸ ನಡೆಯುವುದು ಹೆಚ್ಚಾಗಿ ಹೀಗೆ, ಮತ್ತೊಬ್ಬರು ಬಿಟ್ಟುಕೊಟ್ಟದ್ದರ ಮೇಲೆ ಕಟ್ಟಿಯೇ. ಮುಕ್ತ ಮಾದರಿಗಳನ್ನು ಬಿಡುಗಡೆ ಮಾಡುವುದೇ ಕಷ್ಟವಾಗುವಂಥ ನಿಯಮ ಎಲ್ಲೇ ಬಂದರೂ ಅದರ ಬಿಸಿ ಇಲ್ಲಿಗೆ ತಟ್ಟುತ್ತದೆ. ಅದೇ ರೀತಿ, ಯಾವ ನಿಯಮವೂ ಇಲ್ಲದೆ ಕೃತಕ ಧ್ವನಿಯ ಮೋಸ, ನಕಲಿ ದೃಶ್ಯಗಳು ಹರಡಿದರೆ ಅದರ ನಷ್ಟ ಅನುಭವಿಸುವವರೂ ಇಲ್ಲಿನ ಜನರೇ.

2025ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಮಾರ್ಗಸೂಚಿಗಳು ಸದ್ಯಕ್ಕೆ ಪ್ರತ್ಯೇಕ ಕಾನೂನಿನ ಅಗತ್ಯವಿಲ್ಲ ಎಂಬ ನಿಲುವನ್ನು ತಳೆದಿವೆ. ಇದಕ್ಕೆ ಮೊದಲು, 2025ರ ಜನವರಿಯಲ್ಲಿ, ಕರಡು ವರದಿಯ ಮೇಲೆ ಸಾರ್ವಜನಿಕರ ಅಭಿಪ್ರಾಯ ಕೇಳಲಾಗಿತ್ತು. ಇಂಥ ಅವಕಾಶ ಮತ್ತೆ ಬಂದಾಗ, ಶಿಕ್ಷಕರು, ಎಂಜಿನಿಯರುಗಳು, ವಿದ್ಯಾರ್ಥಿಗಳು ಆಗಿರುವ ನೀವು ಕರಡನ್ನು ತರಿಸಿಕೊಂಡು ಓದಬೇಕು. ಓದುವಾಗ ಈ ಪ್ರಶ್ನೆಗಳನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ: ಅಪಾಯದ ಪುರಾವೆಯನ್ನು ಹೊರಗಿನವರು ಪರೀಕ್ಷಿಸಿದ್ದಾರೆಯೇ? ನಿಯಮವನ್ನು ಕೇಳಿದವರಿಗೆ ಅದರಿಂದ ಯಾವ ಹೊರೆ ಬೀಳುತ್ತದೆ? ಗೆರೆಯನ್ನು ಮುಂದೆ ಬದಲಿಸುವವರು ಯಾರು? ಮುಕ್ತ ಮಾದರಿಯ ಮೇಲೆ ಕಟ್ಟುವವನ ಹೊಣೆ ಎಲ್ಲಿಂದ ಎಲ್ಲಿಯವರೆಗೆ? ಇವಕ್ಕೆ ಕರಡಿನಲ್ಲಿ ಉತ್ತರ ಸಿಗದಿದ್ದರೆ, ಸಿಗಲಿಲ್ಲವೆಂದು ಬರೆದು ಕಳುಹಿಸಿ. ದೊಡ್ಡ ಕಂಪನಿಗಳು ತಮ್ಮ ಅಭಿಪ್ರಾಯವನ್ನು ತಪ್ಪದೆ ಕಳುಹಿಸುತ್ತವೆ.